ಮೂವತ್ತೊಂದನೆಯ ಉಂಗುರ

ನಾನು ಒಂದು ಉಂಗುರ. ಉಂಗುರ ಎಂದ ಕೂಡಲೇ ಬಂಗಾರ, ಬೆರಳು, ಮದುವೆ ಮನೆ ಎಂದೆಲ್ಲ ಯೋಚಿಸಬೇಡಿ. ನನ್ನನ್ನು ಯಾರೂ ಬೆರಳಿಗೆ ಹಾಕಿಕೊಂಡಿಲ್ಲ. ಹಾಕಿಕೊಳ್ಳಲು ಹೋಗಿದ್ದರೆ ಅಲ್ಲೇ ಎರಡು ಚೂರಾಗುತ್ತಿದ್ದೆ. ಎಂಟಾಣೆಯಷ್ಟು ಅಗಲ, ನಡುವೆ ಜೋಳದ ಕಾಳು ತೂರುವಷ್ಟು ತೂತು, ಇದ್ದಿಲಿನ ಬಣ್ಣ. ಬೀದಿಯಲ್ಲಿ ಬಿದ್ದಿದ್ದರೆ ನೀವು ತುಳಿದುಕೊಂಡೇ ಹೋಗುತ್ತಿದ್ದಿರಿ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನನ್ನ ಗುಣ ಕಾಣಬೇಕಾದರೆ ಚಳಿ ಬೇಕು, ಅದೂ ಈ ಭೂಮಿಯ ಮೇಲೆ ಎಲ್ಲೂ ತಾನಾಗಿ ಬೀಳದಂಥ ಚಳಿ.

ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಹೋಗಬಹುದಾದ ಒಂದು ಊರಿನ ವಿಶ್ವವಿದ್ಯಾಲಯದಲ್ಲಿ, ಭೌತಶಾಸ್ತ್ರ ವಿಭಾಗದ ಕೊನೆಯ ಕೋಣೆಯಲ್ಲಿ ನಾನು ಹುಟ್ಟಿದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮುಖ ಕೆಂಪಗೆ ಮಾಡಿಕೊಳ್ಳುವವರು ಈಗಲೂ ಇದ್ದಾರೆ. ಅದು ಎಂಬತ್ತೆಂಟನೆಯ ಇಸವಿಯ ಬೇಸಿಗೆ. ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿ ಆಗುವ ನನ್ನಂಥ ಕಪ್ಪು ವಸ್ತುವನ್ನು ದ್ರವ ನೈಟ್ರೋಜನ್ನಿನಲ್ಲಿ ಅದ್ದಿದರೆ ಸಾಕು, ಅದು ವಿದ್ಯುತ್ತನ್ನು ಒಂದಿಷ್ಟೂ ತಡೆಯದೆ ಹರಿಯಲು ಬಿಡುತ್ತದೆ ಎಂಬ ಸುದ್ದಿ ಆಗಷ್ಟೇ ಹಬ್ಬಿತ್ತು. ಪಠ್ಯಪುಸ್ತಕದವರು ನಮ್ಮನ್ನು ಅತಿವಾಹಕ ಎನ್ನುತ್ತಾರೆ. ವಿಭಾಗದಲ್ಲಿ ಎಲ್ಲರೂ ಸೂಪರ್‌ಕಂಡಕ್ಟರ್ ಎನ್ನುತ್ತಿದ್ದರು. ಅಟೆಂಡರ್ ಫಕ್ಕೀರಪ್ಪ ಮಾತ್ರ ನನ್ನನ್ನು ‘ಅಕ್ಕಾರ ವಡಾ’ ಎಂದು ಕರೆಯುತ್ತಿದ್ದ. ನಡುವೆ ತೂತಿರುವುದರಿಂದ ನನಗೂ ಅದೇನು ಅವಮಾನ ಅನ್ನಿಸಲಿಲ್ಲ.

ಆ ಅಕ್ಕ ಎಂದರೆ ದಾಕ್ಷಾಯಣಿ ಕುಂಬಾರ. ಇಪ್ಪತ್ತೆಂಟು ವರ್ಷದವಳು, ಪಿಎಚ್.ಡಿ. ಮಾಡಲು ಬಂದವಳು. ಎರಡು ಬಿಳಿ ಪುಡಿ, ಒಂದು ಕಪ್ಪು ಪುಡಿ ಸೇರಿಸಿ ಕಲ್ಲಿನ ಪುಟ್ಟ ಒರಳಿನಲ್ಲಿ ದಿನಗಟ್ಟಲೆ ಅರೆದಳು. ಬಲಗೈ ನೋವು ಬಂದಾಗ ಎಡಗೈಯಲ್ಲಿ ಅರೆದಳು. ಸುಟ್ಟು, ಮತ್ತೆ ಅರೆದು, ಉಕ್ಕಿನ ಅಚ್ಚಿನಲ್ಲಿ ಒತ್ತಿ, ಆಮ್ಲಜನಕ ಹರಿಯುವ ಕುಲುಮೆಯಲ್ಲಿ ನನ್ನನ್ನು ಇಟ್ಟಳು. ಉಳಿದ ವಿದ್ಯಾರ್ಥಿಗಳು ಕುಲುಮೆ ಆರಿಸಿದ ದಿನವೇ ಬಾಗಿಲು ತೆಗೆದು ಇಕ್ಕಳ ಹಾಕುತ್ತಿದ್ದರು. ಇವಳು ಎರಡು ದಿನ ಕಾದಳು. ಅವಳ ಅಪ್ಪ ಗಡಿಗೆ ಮಾಡುವವನು. ಗಡಿಗೆ ಸುಡುವ ಆವಿಗೆ ತನ್ನಷ್ಟಕ್ಕೆ ತಾನು ತಣ್ಣಗಾಗುವ ಮೊದಲೇ ಅದರ ಬಾಯಿ ತೆಗೆದವರನ್ನು ಅವನು ಮನೆಯವರೆಂದೂ ನೋಡದೆ ಬೈಯುತ್ತಿದ್ದನಂತೆ. ಆ ಎರಡು ದಿನದಲ್ಲಿ ನಾನು ಆಮ್ಲಜನಕವನ್ನು ಹೊಟ್ಟೆ ತುಂಬ ಕುಡಿದೆ. ಅವಸರದವರ ಉಂಗುರಗಳು ಅರೆಹೊಟ್ಟೆಯಲ್ಲಿ ಹೊರಗೆ ಬಂದವು.

ಆಮೇಲೆ ಕುತ್ತಿಗೆಯ ಕೆಲಸ. ಅಕ್ಕಸಾಲಿಗರು ಬಳಸುವ ಸಣ್ಣ ಅರದಿಂದ ಉಂಗುರದ ಒಂದು ಕಡೆ ಮಾತ್ರ ಉಜ್ಜಿ ಉಜ್ಜಿ ಕೂದಲೆಳೆಯಷ್ಟು ತೆಳ್ಳಗೆ ಮಾಡಬೇಕಿತ್ತು. ನನಗಿಂತ ಮೊದಲಿನ ಮೂವತ್ತು ಉಂಗುರಗಳು ಅಲ್ಲಿಯೇ ಮುರಿದವು. ಅವುಗಳ ಚೂರುಗಳನ್ನು ಅವಳು ಚಹಾದ ಬಶಿಯೊಂದರಲ್ಲಿ ಕೂಡಿಟ್ಟಿದ್ದಳು. ಮೂವತ್ತೊಂದನೆಯವನು ನಾನು. ನನ್ನ ಕುತ್ತಿಗೆ ಉಳಿಯಿತು. ಯಾಕೆ ಉಳಿಯಿತು ಎಂದರೆ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಕುತ್ತಿಗೆ ಯಾಕೆ ಬೇಕು ಎಂದು ಈಗಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬೆಚ್ಚಗಿರುವಾಗ ನನ್ನೊಳಗಿನ ಎಲೆಕ್ಟ್ರಾನುಗಳು ಸಂತೆಯ ಜನದ ಹಾಗೆ ತಳ್ಳಾಡುತ್ತ ಎಡವುತ್ತ ಓಡಾಡುತ್ತವೆ. ಸೊನ್ನೆಗಿಂತ ನೂರಾ ಎಂಬತ್ತು ಡಿಗ್ರಿ ಕೆಳಗಿಳಿಸಿದರೆ ಅವು ಜೋಡಿಯಾಗುತ್ತವೆ, ಎಲ್ಲ ಜೋಡಿಗಳೂ ಒಂದೇ ಲಯದಲ್ಲಿ ನಡೆಯುತ್ತವೆ. ಉಂಗುರವನ್ನು ಒಂದು ಸುತ್ತು ಬಂದಾಗ ಆ ಲಯ ಹೊರಟ ಜಾಗಕ್ಕೇ ಬಂದು ಸರಿಯಾಗಿ ಕೂಡಬೇಕು, ನಡುವೆ ಅರ್ಧ ಹೆಜ್ಜೆ ಉಳಿಯುವಂತಿಲ್ಲ. ಆದ್ದರಿಂದ ನನ್ನ ತೂತಿನೊಳಗೆ ಕಾಂತಬಲ ಬರಬೇಕಾದರೆ ಇಡಿ ಇಡಿಯಾಗಿ ಬರಬೇಕು. ಒಂದು, ಎರಡು, ಮೂರು. ಒಂದೂವರೆ ಎಂಬುದು ನಡೆಯುವುದಿಲ್ಲ. ಬಾಗಿಲು ಸಣ್ಣದಿದ್ದರೆ ಅವು ಒಂದೊಂದಾಗಿ ಒಳಗೆ ಬರುವುದು ಹೊರಗಿನವರಿಗೆ ಕಾಣುತ್ತದೆ. ಕುತ್ತಿಗೆಯೇ ಆ ಬಾಗಿಲು. ವಿಭಾಗದ ಮುಖ್ಯಸ್ಥರೂ ದಾಕ್ಷಾಯಣಿಯ ಗೈಡೂ ಆದ ಇನಾಮದಾರ ಸರ್ ಇಷ್ಟನ್ನು ಹೇಳಲು ನಾಲ್ಕು ತರಗತಿ ತೆಗೆದುಕೊಳ್ಳುತ್ತಿದ್ದರು. ಚೆನ್ನಾಗಿಯೇ ಹೇಳುತ್ತಿದ್ದರು, ಸುಳ್ಳಾಡಬಾರದು.

ದ್ರವ ನೈಟ್ರೋಜನ್ ನಮ್ಮ ವಿಭಾಗದಲ್ಲಿ ತಯಾರಾಗುತ್ತಿರಲಿಲ್ಲ. ಅದು ಬರುತ್ತಿದ್ದದ್ದು ಊರ ಹೊರಗಿನ ಪಶು ಕೇಂದ್ರದಿಂದ. ಹೋರಿಗಳ ವೀರ್ಯವನ್ನು ಕೆಡದಂತೆ ಇಡಲು ಅವರಿಗೆ ಅದು ಬೇಕಿತ್ತು, ಉಳಿದದ್ದರಲ್ಲಿ ತಿಂಗಳಿಗೆ ಎರಡು ಕ್ಯಾನ್ ನಮಗೆ. ಫಕ್ಕೀರಪ್ಪ ತರಲು ಹೋದಾಗಲೆಲ್ಲ ಅಲ್ಲಿಯ ಕಾಂಪೌಂಡರ್, “ನಿಮ್ಮ ಹೋರಿ ಯಾವ ತಳೀದಪಾ?” ಎಂದು ಕೇಳುತ್ತಿದ್ದನಂತೆ. “ಕರೇ ತಳಿ. ಮೇವು ಹಾಕೂ ತ್ರಾಸಿಲ್ಲ” ಎಂದು ಹೇಳಿ ಬರುತ್ತಿದ್ದೆ ಎಂದು ಫಕ್ಕೀರಪ್ಪ ವರದಿ ಒಪ್ಪಿಸುತ್ತಿದ್ದ.

ಮೊದಲ ಸಲ ಆ ಕುದಿಯುವ ಚಳಿಯಲ್ಲಿ ನನ್ನನ್ನು ಇಳಿಸಿದ ದಿನ ಕೋಣೆಯಲ್ಲಿ ಇದ್ದವರು ಅವರಿಬ್ಬರೇ. ಇನಾಮದಾರ ಸರ್ ಯಾವುದೋ ಮೀಟಿಂಗಿಗೆ ಬೆಂಗಳೂರಿಗೆ ಹೋಗಿದ್ದರು. ನನ್ನ ಸುತ್ತ ತಂತಿಯ ಸುರುಳಿ, ಆಚೆ ಕಾಗದದ ಮೇಲೆ ಪೆನ್ನು ಓಡಿಸುವ ಯಂತ್ರ. ದಾಕ್ಷಾಯಣಿ ಕಾಂತಬಲವನ್ನು ನಿಧಾನವಾಗಿ ಏರಿಸಿದಳು. ಪೆನ್ನು ಏರಲಿಲ್ಲ, ಅಡ್ಡಗೆರೆ ಎಳೆಯುತ್ತ ನಿಂತಿತು. ಆಮೇಲೆ ಒಂದೇ ಸಲಕ್ಕೆ ಮೇಲೆ ಹಾರಿತು. ಮತ್ತೆ ಅಡ್ಡಗೆರೆ, ಮತ್ತೆ ಹಾರಿತು.

“ಇದೇನ್ರಿ ಅಕ್ಕಾರ, ಪಾವಟಿಗಿ ತಗದಂಗ ಬರಾಕತ್ತೈತಿ” ಎಂದ ಫಕ್ಕೀರಪ್ಪ.

“ಪಾವಟಿಗೀನ ಕಾಕಾ. ಎಣಸ್ರಿ.”

ಅವನು ಬೆರಳು ಮಡಚುತ್ತ ಹದಿನೇಳು ಎಣಿಸಿದ. ದಾಕ್ಷಾಯಣಿ ಸ್ಟೂಲಿನ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಅಷ್ಟು ಸಂತೋಷ ಆಮೇಲೆ ಯಾವತ್ತೂ ಆಗಲಿಲ್ಲ.

ಮೆಟ್ಟಿಲುಗಳ ಆ ಚಿತ್ರ ಲೇಖನವಾಯಿತು. ದಾಕ್ಷಾಯಣಿಯ ಹೆಸರು, ಇನಾಮದಾರ ಸರ್ ಹೆಸರು ಹೊತ್ತು ಪರದೇಶದ ಪತ್ರಿಕೆಗೆ ಹೋಯಿತು. ಅಲ್ಲಿಯವರು ತಕ್ಷಣ ನಂಬಲಿಲ್ಲ. ಹೆಸರೇ ಕೇಳದ ವಿಶ್ವವಿದ್ಯಾಲಯದಲ್ಲಿ, ಕೈಯಿಂದ ಉಜ್ಜಿದ ಉಂಗುರದಲ್ಲಿ ಇಷ್ಟು ಚೊಕ್ಕ ಮೆಟ್ಟಿಲು ಹೇಗೆ ಬಂತು ಎಂದು ಕೇಳಿದರು. ಕೊನೆಗೆ ದೂರದ ದೊಡ್ಡ ಪ್ರಯೋಗಾಲಯವೊಂದರ ಡಾಕ್ಟರ್ ವರದನ್ ಎಂಬವರು ಪತ್ರಿಕೆಯ ಪರವಾಗಿ ತಾವೇ ಬಂದು ನೋಡುವುದಾಗಿ ಒಪ್ಪಿದರು. ಅವರ ಕಣ್ಣೆದುರು ಮೆಟ್ಟಿಲು ಮೂಡಿದರೆ ಲೇಖನ ಅಚ್ಚಾಗುತ್ತದೆ, ದಾಕ್ಷಾಯಣಿಗೆ ಡಾಕ್ಟರೇಟು ಸಿಗುತ್ತದೆ. ಮೂಡದಿದ್ದರೆ ಅವಳು ಸುಳ್ಳುಗಾತಿ. ಅವರು ಬರುವ ದಿನ ದಸರೆಯ ಮುಂದಿನ ವಾರಕ್ಕೆ ಗೊತ್ತಾಯಿತು.

ನನಗೆ ಒಂದೇ ಶತ್ರು, ನೀರು. ನೀರಿರಲಿ, ಒದ್ದೆ ಗಾಳಿ ತಾಗಿದರೂ ನನ್ನೊಳಗಿನ ಬೇರಿಯಂ ಅದರ ಜೊತೆ ಸೇರಿಕೊಂಡು ನನ್ನನ್ನು ಬಿಟ್ಟು ಹೊರಡುತ್ತದೆ. ಅದಕ್ಕಾಗಿ ನನ್ನನ್ನು ದಪ್ಪ ಗಾಜಿನ ಮುಚ್ಚಳದ ಪಾತ್ರೆಯಲ್ಲಿ, ತೇವ ಹೀರುವ ನೀಲಿ ಹರಳುಗಳ ಮೇಲೆ ಇಟ್ಟಿದ್ದರು. ಹರಳು ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಒದ್ದೆಯಾಗಿದೆ ಎಂದರ್ಥ. ಆಗ ಫಕ್ಕೀರಪ್ಪ ಅವನ್ನು ಒಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿ ತರುತ್ತಿದ್ದ. ವರದನ್ ಬರುವ ತನಕ ನನ್ನನ್ನು ಮತ್ತೆ ಚಳಿಗೆ ಇಳಿಸಬಾರದೆಂದು ದಾಕ್ಷಾಯಣಿ ತೀರ್ಮಾನಿಸಿದ್ದಳು. ಇಳಿಸಿ ಏರಿಸಿದಷ್ಟೂ ಕುತ್ತಿಗೆಗೆ ಅಪಾಯ, ನೈಟ್ರೋಜನ್ನೂ ಉಳಿದದ್ದು ಒಂದೇ ಕ್ಯಾನು.

ನವಮಿಯ ಹಿಂದಿನ ದಿನ ಅವಳು ಊರಿಗೆ ಹೊರಟಳು. ನವಮಿಯ ದಿನ ಅವರ ಮನೆಯಲ್ಲಿ ಗಡಿಗೆ ಮಾಡುವ ತಿಗರಿಗೆ ಪೂಜೆ, ಮಗಳಿಲ್ಲದೆ ಅಪ್ಪ ಆರತಿ ಎತ್ತುತ್ತಿರಲಿಲ್ಲ. “ಕಾಕಾ, ಈ ಗಾಜಿನ ಮುಚ್ಚಳಾ ಮಾತ್ರ ತಗೀಬ್ಯಾಡ್ರಿ. ಒಂದು ಹನಿ ನೀರು ತಾಗಿದ್ರ ನನ್ನ ಕತಿ ಮುಗೀತು” ಎಂದಳು. “ನಾ ಇಲ್ಲೇ ಅದೀನಿ, ಹೋಗ್ರಿ” ಎಂದ ಫಕ್ಕೀರಪ್ಪ.

ನಮ್ಮ ವಿಭಾಗದಲ್ಲಿಯೂ ನವಮಿಯ ಪೂಜೆ ಜೋರಾಗಿಯೇ ನಡೆಯುತ್ತಿತ್ತು. ಪಂಪಿಗೆ ವಿಭೂತಿ, ಕುಲುಮೆಗೆ ಚೆಂಡುಹೂವಿನ ಮಾಲೆ, ಚಾರ್ಟ್ ಯಂತ್ರಕ್ಕೆ ಕುಂಕುಮ. ತೆಂಗಿನಕಾಯಿ ಒಡೆದು, ಚುರಮರಿ ಪೇಢೆ ಹಂಚಿ ಎಲ್ಲರೂ ಹೋದರು. ಇನಾಮದಾರ ಸರ್ ಮಾತ್ರ ಉಳಿದರು. ಮಡಿ ಧೋತರ ಉಟ್ಟಿದ್ದರು, ಕೈಯಲ್ಲಿ ಮನೆಯಿಂದ ತಂದ ತಾಮ್ರದ ಗಿಂಡಿ ಇತ್ತು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ, ಹೆದರಿದ್ದರು. ಇಪ್ಪತ್ತೈದು ವರ್ಷದ ಕೆಲಸದಲ್ಲಿ ಹೊರಗಿನ ಜಗತ್ತು ಅವರ ಲ್ಯಾಬಿನ ಕಡೆ ಕಣ್ಣೆತ್ತಿ ನೋಡಿದ್ದು ಅದೇ ಮೊದಲು. ಹದಿನೈದು ದಿನದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ.

“ಫಕ್ಕೀರಪ್ಪ, ಬಾಗಲಾ ಹಾಕು. ಇಷ್ಟು ವರ್ಷ ಪಂಪಿಗೆ, ಪ್ರೆಸ್ಸಿಗೆ ಪೂಜಾ ಮಾಡಿದ್ವಿ. ಈ ಸಲ ನಮ್ಮ ಮರ್ಯಾದಿ ಎಲ್ಲಾ ಇದರ ಕೈಯಾಗ ಅದ” ಎಂದು ನನ್ನ ಪಾತ್ರೆಯ ಮುಚ್ಚಳ ತೆಗೆದರು.

“ಸರ್, ನೀರು ತಾಗಬಾರದು ಅಂತ ಅಕ್ಕಾರು ಹೇಳ್ಯಾರ್ರಿ.”

“ತೀರ್ಥಕ್ಕ ಏನಾಗೂದಿಲ್ಲೋ. ಮೂರು ಹನಿ.”

ತೇವ ನನಗೆ ಏನು ಮಾಡುತ್ತದೆ ಎಂದು ಹಲಗೆಯ ಮೇಲೆ ಸಮೀಕರಣ ಬರೆದು ತೋರಿಸಿದವರು ಅವರೇ. ಅದೇ ಕೈ ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡಿತು. ಕಣ್ಣು ಮುಚ್ಚಿ ಮಂತ್ರ ಹೇಳಿದರು, ಉದ್ಧರಣೆ ಚಮಚದಿಂದ ಗಿಂಡಿಯ ತೀರ್ಥ ಮೂರು ಹನಿ ಬಿಟ್ಟರು. ಒಂದು ಹನಿ ಪಕ್ಕಕ್ಕೆ ಜಾರಿತು. ಒಂದು ತೂತಿನಿಂದ ಅವರ ಅಂಗೈಗೆ ಇಳಿಯಿತು. ಮೂರನೆಯದು ಕುತ್ತಿಗೆಯ ಮೇಲೆ ನಿಂತಿತು. ಅವರು ಅದರ ಮೇಲೆಯೇ ಉಂಗುರಬೆರಳಿನಿಂದ ಒಂದಿಷ್ಟು ಕುಂಕುಮ ಇಟ್ಟು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಧೋತರದ ಸೆರಗಿನಿಂದ ಜೋಪಾನವಾಗಿ ಒರೆಸಿ ಪಾತ್ರೆಯಲ್ಲಿಟ್ಟು ಮುಚ್ಚಳ ಹಾಕಿದರು. ಹೊರಗೆ ಒರೆಸಬಹುದು. ನನ್ನ ಮೈಯ ಕಣ್ಣಿಗೆ ಕಾಣದ ಸಂದುಗಳಲ್ಲಿ ಇಳಿದದ್ದನ್ನು ಯಾರೂ ಒರೆಸಲಾರರು. ಮುಚ್ಚಿದ ಗಾಜಿನೊಳಗೆ ಅದು ತನ್ನ ಕೆಲಸ ಶುರು ಮಾಡಿತು.

“ದಾಕ್ಷಾಯಣಿಗೆ ಹೇಳಬ್ಯಾಡ. ಸುಮ್ಮನ ಹೆದರ್ತಾಳ” ಎಂದು ಹೇಳಿ ಅವರು ಮನೆಗೆ ಹೋದರು. ಮರುದಿನ ಸಂಜೆ ಅವಳು ಊರಿಂದ ಬಂದಾಗ ಫಕ್ಕೀರಪ್ಪ ಎಲ್ಲರಿಗೂ ಕೊಡುವ ಹಾಗೆ ಅವಳಿಗೂ ಬನ್ನಿ ಎಲೆ ಕೊಟ್ಟ. “ಬನ್ನಿ ತಗೋರಿ ಅಕ್ಕಾರ, ಬಂಗಾರದಂಗ ಇರೂಣ್ರಿ.” ಅವಳು ಬಾಗಿ ನಮಸ್ಕಾರ ಮಾಡಿದಳು. ನೀಲಿ ಹರಳುಗಳು ನೀಲಿಯಾಗಿಯೇ ಇದ್ದವು. ಮೂರು ಹನಿಗೆ ಅವು ಬಣ್ಣ ಬದಲಿಸುವುದಿಲ್ಲ.

ವರದನ್ ಮೃದು ಮಾತಿನ, ತೆಳ್ಳಗಿನ ಮನುಷ್ಯ. ನನ್ನನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು, ಕುತ್ತಿಗೆಯ ಕೆಲಸ ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಹೊಗಳಿದರು. ಚಳಿಗೆ ಇಳಿಸಿದಾಗ ಸಣ್ಣ ಅಯಸ್ಕಾಂತ ನನ್ನ ಮೇಲೆ ಗಾಳಿಯಲ್ಲಿ ತೇಲಿತು. ಎಲ್ಲರೂ ತಲೆಯಾಡಿಸಿದರು. ನನ್ನ ಉಳಿದ ಮೈ ಇನ್ನೂ ಗಟ್ಟಿಯಾಗಿಯೇ ಇತ್ತು, ಅದೇ ಆಮೇಲೆ ಅವಳಿಗೆ ಉರುಳಾಯಿತು. ದಾಕ್ಷಾಯಣಿ ಕಾಂತಬಲ ಏರಿಸಿದಳು. ಪೆನ್ನು ಎಲ್ಲಿಯೂ ನಿಲ್ಲದೆ ಸಾಫಾಗಿ ಏರಿತು. ನಾನು ನನ್ನಿಂದ ಆದಷ್ಟು ಪ್ರಯತ್ನ ಮಾಡಿದೆ. ನನ್ನ ಜೋಡಿಗಳು ಉಂಗುರದ ತುಂಬ ಹೊರಟು ಕುತ್ತಿಗೆಯ ಹತ್ತಿರ ಬಂದು ನಿಂತುಬಿಟ್ಟವು, ಅಲ್ಲಿ ದಾರಿಯೇ ಇರಲಿಲ್ಲ. ದಾರಿ ಕಡಿದ ಮೇಲೆ ಸುತ್ತೂ ಇಲ್ಲ, ಎಣಿಕೆಯೂ ಇಲ್ಲ. ಮೂರು ಸಲ ಇಳಿಸಿದರು, ಮೂರು ಸಲವೂ ಪೆನ್ನು ಒಂದೇ ಗೆರೆ ಎಳೆಯಿತು. ಅಷ್ಟಕ್ಕೆ ಕ್ಯಾನು ಬರಿದಾಯಿತು.

ವರದನ್ ಹಳೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ಈ ಪೆನ್ನಿನ ತಿರುಗಣಿಯನ್ನು ಕೈಯಿಂದಲೂ ಸರಿಸಬಹುದಲ್ಲವೇ ಎಂದು ಕೇಳಿದರು. ಸರಿಸಬಹುದು ಎಂದಳು ದಾಕ್ಷಾಯಣಿ. ಆ ದಿನ ಯಾರು ಯಾರು ಇದ್ದಿರಿ ಎಂದು ಕೇಳಿದರು. ಅವಳು ಹೇಳಿದಳು. ಅವರು ಮತ್ತೇನೂ ಕೇಳದೆ ಚಹಾ ಕುಡಿದು ಹೊರಟರು. ಅವರ ಪತ್ರ ಬರಲು ಎಂಟು ದಿನ ಹಿಡಿಯಿತು. ವಸ್ತು ಸೂಪರ್‌ಕಂಡಕ್ಟರ್ ಹೌದು, ಮೆಟ್ಟಿಲುಗಳು ಮಾತ್ರ ಅದರದ್ದಲ್ಲ ಎಂದು ಬರೆದಿದ್ದರು.

ಪತ್ರ ಬಂದ ದಿನ ಅವಳು ನನ್ನನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಕುತ್ತಿಗೆಯ ಸಂದಿನಲ್ಲಿ ಬಿಳಿ ಪೊರೆ ಕಟ್ಟಿತ್ತು, ಅದರ ನಡುವೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ. ಅವಳು ಕಣ್ಣು ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು. ಆಮೇಲೆ ಫಕ್ಕೀರಪ್ಪನನ್ನು ಕರೆದಳು.

“ಕಾಕಾ, ನವಮಿ ದಿನಾ ಇದನ್ನ ಯಾರರ ಮುಟ್ಟಿದ್ರೇನು?”

“ಸರ್ ಮುಟ್ಟಿದ್ರಲ್ರಿ. ತೀರ್ಥಾ ಹಾಕಿ ಕುಂಕುಮಾ ಹಚ್ಚಿದ್ರು. ನಿಮಗ ಒಳ್ಳೇದಾಗ್ಲೆಂತ್ರಿ ಅಕ್ಕಾರ.” ಹೇಳುತ್ತ ಹೇಳುತ್ತ ಅವಳ ಮುಖ ನೋಡಿ ಅವನ ದನಿ ಇಳಿಯಿತು. “ಅದರಿಂದನ ಏನ್ರಿ?”

ಅವಳು ನನ್ನನ್ನು ಒಂದು ಕಾಗದದ ಮೇಲೆ ಇಟ್ಟುಕೊಂಡು ಸೀದಾ ಮುಖ್ಯಸ್ಥರ ಕೋಣೆಗೆ ನಡೆದಳು. ಇನಾಮದಾರ ಸರ್ ಇಲ್ಲ ಎನ್ನಲಿಲ್ಲ.

“ಹೌದು, ಹಾಕಿದೆ. ನಿನ್ನ ಸಲುವಾಗಿನೇ ಹಾಕಿದೆ.”

“ಅದನ್ನ ಅವರಿಗೆ ಬರೀರಿ ಸರ್. ನಾ ಇಲ್ಲದಾಗ ಉಂಗುರಕ್ಕ ನೀರು ಬಿತ್ತು ಅಂತ ಒಂದು ಸಾಲು ಸಾಕು.”

“ಏನಂತ ಬರೀಲಿ? ಫಿಜಿಕ್ಸ್ ವಿಭಾಗದ ಮುಖ್ಯಸ್ಥ ಸ್ಯಾಂಪಲ್ಲಿಗೆ ತೀರ್ಥಾ ಹಾಕಿದಾ ಅಂತ ಬರೀಲಿ? ಇಡೀ ದೇಶ ನಗತದ.”

“ನಕ್ಕರ ನಗಲಿ ಸರ್. ನನಗ ಕಳ್ಳಿ ಅನ್ನಾಕತ್ತಾರ.”

ಅವರು ಕಿಟಕಿಯ ಕಡೆ ನೋಡಿದರು. “ಇನ್ನೊಂದು ಉಂಗುರ ಮಾಡು. ಬರ್ತದ” ಎಂದರು.

ಅವಳು ಮಾಡಿದಳು. ಮೂರು ವಾರದಲ್ಲಿ ಒಂಬತ್ತು ಉಂಗುರ. ಒಂಬತ್ತೂ ಕುತ್ತಿಗೆಯಲ್ಲೇ ಮುರಿದವು. ಅಷ್ಟರಲ್ಲಿ ವಿಶ್ವವಿದ್ಯಾಲಯ ವಿಚಾರಣೆಗೆ ಮೂವರ ಸಮಿತಿ ಮಾಡಿತು.

ಸಮಿತಿಯ ಮೇಜಿನ ಮೇಲೆ ನಾನು ಒಂದು ಲಕೋಟೆಯಲ್ಲಿ ಇದ್ದೆ. ದಾಕ್ಷಾಯಣಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಕೆಂಪು ಚುಕ್ಕೆಯ ಫೋಟೋ ಮುಂದಿಟ್ಟಳು. ಕುಂಕುಮವನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಹಚ್ಚಬಹುದು, ನೀನೂ ಹಚ್ಚಿರಬಹುದು ಎಂದರು ಒಬ್ಬರು. ಆಮೇಲೆ ಇನಾಮದಾರ ಸರ್ ಕಡೆ ತಿರುಗಿದರು. ಅವರು ಅಂದು ಕೋಟು ಹಾಕಿಕೊಂಡು ಬಂದಿದ್ದರು.

“ನನ್ನ ಲ್ಯಾಬಿನಾಗ ಸ್ಯಾಂಪಲ್ಲಿಗೆ ನೀರು ಮುಟ್ಟಸೂ ಪ್ರಶ್ನೇನೇ ಬರೂದಿಲ್ಲ” ಎಂದರು.

ಒಂದು ಸಾಲು ಕೇಳಿದ್ದಳು ಅವಳು, ಅವರು ಕೊಟ್ಟದ್ದೂ ಒಂದೇ ಸಾಲು. ನಾನು ಲಕೋಟೆಯೊಳಗೆ ಇದ್ದೆ. ಆ ದಿನ ನನಗೆ ಬಾಯಿ ಇಲ್ಲವೆಂದು ಆದ ಸಂಕಟವನ್ನು ಈಗಲೂ ಹೇಳಲಾರೆ.

“ಫಕ್ಕೀರಪ್ಪ ಕಾಕಾ ಅವತ್ತು ಅಲ್ಲೇ ಇದ್ರು. ಹೊರಗ ಕುಂತಾರ್ರಿ. ಕರದು ಕೇಳ್ರಿ” ಎಂದಳು ದಾಕ್ಷಾಯಣಿ.

“ಕ್ವಾಂಟಂ ಮೆಕ್ಯಾನಿಕ್ಸಿಗೆ ಅಟೆಂಡರನ ಸಾಕ್ಷಿ ತಗೊಳ್ಳೂಣೇನು?” ಎಂದು ಒಬ್ಬರು ನಕ್ಕರು. ಉಳಿದವರೂ ನಕ್ಕರು. ಇನಾಮದಾರ ಸರ್ ನಗಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಫಕ್ಕೀರಪ್ಪ ಒಗೆದ ಧೋತರ, ಬಿಳಿ ಟೋಪಿ ಹಾಕಿಕೊಂಡು ಹನ್ನೊಂದು ಗಂಟೆಯಿಂದ ನಾಲ್ಕರ ತನಕ ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕುಳಿತಿದ್ದ. ಅವನನ್ನು ಕರೆದದ್ದು ಎಲ್ಲ ಮುಗಿದ ಮೇಲೆ, ಫೈಲುಗಳನ್ನು ಎತ್ತಿಕೊಂಡು ಹೋಗಲು.

ಲೇಖನ ಹಿಂದಕ್ಕೆ ಬಂತು. ಅವಳ ನೋಂದಣಿ ರದ್ದಾಯಿತು. ಅವಳು ಪೆನ್ನನ್ನು ಕೈಯಿಂದ ಸರಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಸಮಿತಿ ಬರೆಯಿತು. ಅದಕ್ಕೂ ಮೊದಲು, ವಿಚಾರಣೆಯ ಸಂಜೆಯೇ, ಫಕ್ಕೀರಪ್ಪ ಫೈಲುಗಳನ್ನೂ ನನ್ನ ಲಕೋಟೆಯನ್ನೂ ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿಯುತ್ತಿದ್ದಾಗ ಅವಳು ಕೆಳಗೆ ನಿಂತಿದ್ದಳು.

“ಕರೀದಿದ್ರೂ ನಾ ಒಳಗ ಬಂದು ಹೇಳಬೇಕಿತ್ತೇನ್ರಿ ಅಕ್ಕಾರ?”

“ನೀವು ಬಂದು ಕುಂತಿದ್ರಲ್ಲ ಕಾಕಾ. ಅಷ್ಟು ಯಾರು ಮಾಡ್ತಾರ” ಎಂದಳು.

ಅವನು ಫೈಲುಗಳನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ. ಅವನ ಎದೆ ಏರಿಳಿಯುವುದು ನನಗೆ ಲಕೋಟೆಯ ಕಾಗದದಿಂದ ತಿಳಿಯುತ್ತಿತ್ತು.

ಅಲ್ಲಿಂದ ಮುಂದೆ ನನ್ನ ಬದುಕು ಬೆಂಕಿಪೊಟ್ಟಣದ ಬದುಕು. ಇನಾಮದಾರ ಸರ್ ನನ್ನನ್ನು ಎಸೆಯಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಬೆಂಕಿಪೊಟ್ಟಣದೊಳಗೆ ಇಟ್ಟರು. ನೀಲಿ ಹರಳುಗಳಿಲ್ಲ, ಗಾಜಿನ ಮುಚ್ಚಳವಿಲ್ಲ. ಪ್ರತಿ ಮಳೆಗಾಲವೂ ನನ್ನನ್ನು ಒಂದಿಷ್ಟು ತಿಂದಿತು. ಐದನೆಯ ವರ್ಷ ಕುತ್ತಿಗೆ ತಾನಾಗಿಯೇ ಉದುರಿತು. ಅವರು ಡೀನ್ ಆದರು, ಸನ್ಮಾನಗಳಾದವು. ನವಮಿಯ ಪೂಜೆಗೆ ಮಾತ್ರ ಮತ್ತೆ ಲ್ಯಾಬಿಗೆ ಇಳಿಯಲಿಲ್ಲ, ಪ್ರತಿ ವರ್ಷ ಏನಾದರೂ ನೆವ ಹೇಳುತ್ತಿದ್ದರು. ನಿವೃತ್ತರಾದ ದಿನ ಪೊಟ್ಟಣವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ದರು. ಫಕ್ಕೀರಪ್ಪ ತೀರಿಕೊಂಡ ಸುದ್ದಿ ಬಂದ ಸಂಜೆ ಪೊಟ್ಟಣ ತೆರೆದು ನನ್ನನ್ನು ನೋಡಿದರು, ಮತ್ತೆ ಮುಚ್ಚಿದರು. ಇನ್ನು ಆ ನವಮಿಯ ದಿನವನ್ನು ಕಂಡವರಲ್ಲಿ ಉಳಿದವರು ಅವರು ಮತ್ತು ನಾನು.

ಇಪ್ಪತ್ಮೂರು ವರ್ಷದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅವರು ಕೋಲೂರಿಕೊಂಡು ಒಂದು ತಾಲೂಕು ಊರಿನ ಬಸ್ಸು ಇಳಿದು, ವಿಚಾರಿಸಿಕೊಂಡು ದಾಕ್ಷಾಯಣಿಯ ಮನೆ ಹುಡುಕಿದರು. ಅವಳು ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕಾಲೇಜಿನ ಕೆಲಸಕ್ಕೆ ಎರಡು ಸಲ ಅರ್ಜಿ ಹಾಕಿದ್ದಳು, ಎರಡು ಸಲವೂ ಹಳೆಯ ವಿಚಾರಣೆಯ ಕಾಗದ ಅವಳಿಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು. ತಲೆಯ ಮುಂಭಾಗ ಬೆಳ್ಳಗಾಗಿತ್ತು. ಉತ್ತರ ಪತ್ರಿಕೆ ತಿದ್ದುತ್ತ ಕುಳಿತವಳು ಎದ್ದು ಕುರ್ಚಿ ಕೊಟ್ಟಳು, ಚಹಾ ಮಾಡಿ ತಂದಳು. ಅವರು ಪೊಟ್ಟಣವನ್ನು ಮೇಜಿನ ಮೇಲಿಟ್ಟು ತೆರೆದರು.

ನಾನು ಆಗ ಉಂಗುರವಾಗಿ ಉಳಿದಿರಲಿಲ್ಲ. ಬಿಳಿ ಹಸಿರು ಪೊರೆ ಹಿಡಿದ ಎರಡು ಚೂರು, ಒಂದಿಷ್ಟು ಪುಡಿ. ಅವಳಿಗೆ ಗುರುತು ಹತ್ತಿತು. ಒಂದು ಚೂರನ್ನು ಎತ್ತಿ, ಕುತ್ತಿಗೆ ಇದ್ದ ಜಾಗದ ಮೇಲೆ ಉಗುರು ಆಡಿಸಿದಳು.

“ನಿಂದು ಖರೇ ಇತ್ತು, ದಾಕ್ಷಾಯಣಿ” ಎಂದರು ಅವರು.

“ನನಗ ಗೊತ್ತೈತ್ರಿ ಸರ್.”

“ನಿದ್ದಿ ಬರವಲ್ದು. ಕ್ಷಮಾ ಮಾಡು ಅಂತ ಕೇಳ್ಲಿಕ್ಕೆ ಬಂದೀನಿ.”

ಅವಳು ಉತ್ತರ ಪತ್ರಿಕೆಗಳ ಕಟ್ಟಿನಿಂದ ಒಂದು ಖಾಲಿ ಹಾಳೆ, ತನ್ನ ಪೆನ್ನು ತೆಗೆದು ಅವರ ಮುಂದಿಟ್ಟಳು. “ಬರದು ಕೊಡ್ರಿ ಸರ್. ಅವತ್ತ ಕೇಳಿದ್ದು ಅದ ಒಂದು ಸಾಲು.”

ಅವರು ಪೆನ್ನು ತೆಗೆದುಕೊಂಡರು. ಮೇಲೆ ಬಲಗಡೆ ತಾರೀಖು ಬರೆದರು. ಕೆಳಗೆ, ಅವರ ಅದೇ ದುಂಡಾದ ಅಕ್ಷರದಲ್ಲಿ, ‘ಈ ಕೆಳಗೆ ಸಹಿ ಮಾಡಿರುವ ನಾನು’ ಎಂದು ಬರೆದರು. ಅಲ್ಲಿಗೆ ಪೆನ್ನು ನಿಂತಿತು. ಮುಂದಿನ ಶಬ್ದಕ್ಕಾಗಿ ನಾನೂ ಕಾದೆ, ಅವಳೂ ಕಾದಳು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

“ಮೊಮ್ಮಗ ನಮ್ಮ ವಿಭಾಗದಾಗೇ ಎಂ.ಎಸ್ಸಿ. ಮಾಡ್ಲಿಕ್ಕತ್ತಾನ” ಎಂದರು ಅವರು. ಆಮೇಲೆ ಪೆನ್ನಿನ ಟೋಪಿ ಹಾಕಿ, “ಮನಿಗೆ ಹೋಗಿ ಸರಿಯಾಗಿ ಟೈಪ್ ಮಾಡಿಸಿ, ರಜಿಸ್ಟರ್ ಪೋಸ್ಟಿನಾಗ ಕಳಸ್ತೀನಿ” ಎಂದರು.

“ಆಗಲ್ರಿ ಸರ್” ಎಂದಳು ದಾಕ್ಷಾಯಣಿ. ಬಿಸಿಲು ಜೋರಿದೆ ಎಂದು ಛತ್ರಿ ಹಿಡಿದು ಬಸ್‌ಸ್ಟ್ಯಾಂಡಿನ ತನಕ ಅವರ ಜೊತೆ ಹೋಗಿ ಬಂದಳು.

ಪೋಸ್ಟು ಬರಲಿಲ್ಲ. ಆ ವರ್ಷವಿಡೀ ಅವಳು ಶಾಲೆಯಿಂದ ಬಂದ ಕೂಡಲೇ ಬಾಗಿಲ ಸಂದಿನಲ್ಲಿ ನೋಡುತ್ತಿದ್ದಳು. ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತು. ನಾಡಿನಲ್ಲಿ ಸೂಪರ್‌ಕಂಡಕ್ಟರ್ ಸಂಶೋಧನೆಗೆ ಅಡಿಪಾಯ ಹಾಕಿದವರು ಎಂದು ಬರೆದಿದ್ದರು, ಕೋಟು ಹಾಕಿದ ಫೋಟೋ ಹಾಕಿದ್ದರು. ಅವಳು ಅದನ್ನು ನಿಂತುಕೊಂಡೇ ಪೂರ್ತಿ ಓದಿದಳು. ಆಮೇಲೆ ಪೇಪರನ್ನು ಅಡುಗೆಮನೆಯ ಹಲಗೆಗೆ ಹಾಸಿ, ಅದರ ಮೇಲೆ ಡಬ್ಬಿಗಳನ್ನು ಜೋಡಿಸಿದಳು.

ಬೆಂಕಿಪೊಟ್ಟಣ ಹರಿದುಹೋಗಿತ್ತು. ಅವಳು ನನ್ನ ಚೂರುಗಳನ್ನೂ ಪುಡಿಯನ್ನೂ ಅವರು ಬಿಟ್ಟುಹೋದ ಹಾಳೆಯಲ್ಲಿ ಹಾಕಿ, ನಾಲ್ಕು ಮಡಿಕೆ ಮಡಚಿ, ಟ್ರಂಕಿನಲ್ಲಿ ಅವಳ ಹಳೆಯ ನೋಟುಬುಕ್ಕುಗಳ ನಡುವೆ ಇಟ್ಟಳು. ನಾನು ಈಗ ಇರುವುದು ಅಲ್ಲಿಯೇ. ಇನ್ನು ನನ್ನನ್ನು ಯಾವ ಚಳಿಗೆ ಇಳಿಸಿದರೂ ನಾನು ಬರೀ ಬೂದಿ. ಹದಿನೇಳು ಮೆಟ್ಟಿಲು ಇದ್ದದ್ದು ನಿಜ ಎಂದು ಹೇಳಲು ನನಗೆ ಇವತ್ತು ಕುತ್ತಿಗೆಯೂ ಇಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳಿದ್ದೇನೆ. ಬೇಕಾದರೆ ನಂಬಿ, ಬೇಡವಾದರೆ ಬಿಡಿ. ನನ್ನ ಮಾತನ್ನು ಯಾವ ಸಮಿತಿಯೂ ದಾಖಲು ಮಾಡಿಕೊಳ್ಳುವುದಿಲ್ಲ.

ನನ್ನನ್ನು ಸುತ್ತಿರುವ ಹಾಳೆಯಲ್ಲಿ ಒಂದು ತಾರೀಖಿದೆ, ಅರ್ಧ ಸಾಲಿದೆ. ಕೆಳಗೆ ಯಾರ ಸಹಿಯೂ ಇಲ್ಲ.